ಇಪ್ಪತ್ತೈದಕ್ಕೆ ಆರು

ಆ ಮನೆಯಲ್ಲಿ ಸಿನಿಮಾ ನೋಡಿದವರು ಮಾರ್ಕ್ಸು ಹಾಕದೆ ಊಟಕ್ಕೆ ಕೂರುವಂತಿರಲಿಲ್ಲ. ಇದು ಮೂವತ್ತೊಂದು ವರ್ಷದ ಕಟ್ಟಳೆ. ಮದುವೆಯಾದ ಹೊಸದರಲ್ಲಿ ಮನೆಗೆ ಟಿ.ವಿ. ಬಂದ ಭಾನುವಾರ ಗಣಿತದ ಮೇಷ್ಟ್ರು ಉದ್ದನೆಯ ಪುಸ್ತಕವೊಂದನ್ನು ತಂದು ಗೆರೆ ಎಳೆದಿದ್ದರು. ತಾರೀಕು, ಸಿನಿಮಾದ ಹೆಸರು, ಮನೆಯ ಒಬ್ಬೊಬ್ಬರಿಗೆ ಒಂದೊಂದು ಕಾಲಂ, ಕೊನೆಯಲ್ಲಿ ಷರಾ. ಎಂಥ ಸಿನಿಮಾ ಆದರೂ ಇಪ್ಪತ್ತೈದು ಮಾರ್ಕಿನ ಪರೀಕ್ಷೆ. ಒಂಬತ್ತು ಬಂದರೆ ಪಾಸು. ಪೂರ್ತಿ ಇಪ್ಪತ್ತೈದು ಯಾರಿಗೂ ಕೊಡುವಂತಿಲ್ಲ. ಅದು ಲೆಕ್ಕದ ಪೇಪರಿಗೆ ಮಾತ್ರ ಎಂದು ಮೇಷ್ಟ್ರ ನಿಯಮ. ಷರಾ ಕಾಲಮಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು 'ಕರೆಂಟ್ ಹೋಯಿತು' ಎಂಬ ಒಂದೇ ಮಾತು. ಈಗ ನಡೆಯುತ್ತಿರುವುದು ಏಳನೆಯ ಪುಸ್ತಕ. ಮೇಷ್ಟ್ರು ನಿವೃತ್ತರಾಗಿ ಮೂರು ವರ್ಷವಾದರೂ ಕೆಂಪು ಪೆನ್ನು ಕೈ ಬಿಟ್ಟಿರಲಿಲ್ಲ.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಸಿನಿಮಾಮ್ಮ ಎಂದೇ ಕರೆಯುತ್ತಿದ್ದರು. ಮುಂಬಾಗಿಲಿನ ಪಕ್ಕದ ಕೋಣೆಯಲ್ಲಿ ಅವರ ಹೊಲಿಗೆ ಮಿಷನ್ನು. ಉದ್ದವಾದ ಪ್ಯಾಂಟು ಮೋಟು ಮಾಡುವುದು, ಕಿತ್ತುಹೋದ ಜಿಪ್ಪು ಬದಲಾಯಿಸುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು ಅವರ ಕಸುಬು. ಬಟ್ಟೆ ಕೊಡಲು ಬಂದವರು ಕಥೆ ಕೇಳಿಸಿಕೊಂಡು ಹೋಗುತ್ತಿದ್ದರು. ಯಾವ ಸಿನಿಮಾದಲ್ಲಿ ಯಾರು ಯಾರಿಗೆ ತಂಗಿ, ಯಾವ ಹಾಡಿನಲ್ಲಿ ನಾಯಕಿಯ ಛತ್ರಿ ಹಾರಿಹೋಗುತ್ತದೆ, ಯಾವ ಖಳನಾಯಕನಿಗೆ ನಿಜಕ್ಕೂ ಬೆಕ್ಕು ಕಂಡರೆ ಭಯ, ಎಲ್ಲವೂ ಅವರ ನಾಲಗೆಯ ತುದಿಯಲ್ಲಿ. "ಹಳೇದು ಅಂತ ಕೈ ಮುಗಿಯೋಳೂ ಅಲ್ಲ, ಹೊಸದು ಅಂತ ಮೂಗು ಮುರಿಯೋಳೂ ಅಲ್ಲ ನಾನು" ಎನ್ನುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ತರಕಾರಿ ಹೆಚ್ಚುವ ಹೊತ್ತಿಗೆ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಹೊಸ ಹೊಸ ಸೀರೀಸ್ ಹಾಕುತ್ತಿದ್ದಳು. ಅದನ್ನೂ ಅವರು ಅಷ್ಟೇ ಆಸೆಯಿಂದ ನೋಡುತ್ತಿದ್ದರು.

"ಇವರೆಲ್ಲ ಯಾಕೆ ಹೀಗೆ ಬಸ್ಸು ತಪ್ಪಿಹೋಗೋರ ಥರ ಮಾತಾಡ್ತಾರೆ?"

"ನಾನು ಸ್ಪೀಡ್ ಜಾಸ್ತಿ ಇಟ್ಟಿದೀನಮ್ಮ. ಒಂದೂವರೆ."

"ತೆಗಿ, ತೆಗಿ. ಪಾಪ, ಆ ಹುಡುಗಿಗೆ ನೆಟ್ಟಗೆ ಅಳೋಕೂ ಬಿಡಲ್ಲ ನೀನು."

ಭಾನುವಾರ ಸಂಜೆ ಐದಕ್ಕೆ ಮಾತ್ರ ಮನೆಮಂದಿಯೆಲ್ಲ ಹಾಲಿನಲ್ಲಿ ಸೇರಬೇಕು. ಹಿಂದೆ ಟಿ.ವಿ.ಯವರು ಆ ಹೊತ್ತಿಗೆ ಸಿನಿಮಾ ಹಾಕುತ್ತಿದ್ದರು. ಈಗ ಬೇಕಾದದ್ದನ್ನು ಬೇಕಾದಾಗ ನೋಡಬಹುದಾದರೂ ಹೊತ್ತು ಬದಲಾಗಲಿಲ್ಲ. ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ, ಲಿಫ್ಟ್ ರಿಪೇರಿ ಮಾಡುವ ಮಗ ನೆಲದ ಮೇಲೆ ಕಾಲು ಚಾಚಿ, ಮಗಳು ದಿಂಬು ಅಪ್ಪಿಕೊಂಡು. ಸಿನಿಮಾಮ್ಮನ ಜಾಗ ಅಡುಗೆಮನೆಯ ಬಾಗಿಲಿಗೆ ಹತ್ತಿರದ ಸ್ಟೂಲು. ತೆರೆಯ ಮೇಲೆ 'ಮಧ್ಯಂತರ' ಎಂದು ಬಂದದ್ದೇ ತಡ, "ನೀವು ನೋಡ್ತಾ ಇರಿ, ನಾನು ಅಕ್ಕಿ ಇಟ್ಟು ಬರ್ತೀನಿ" ಎಂದು ಎದ್ದುಬಿಡುತ್ತಿದ್ದರು. ಕೊನೆಯ ಕಾಲು ಗಂಟೆಗೆ ಸರಿಯಾಗಿ ಕೈ ಒರೆಸಿಕೊಳ್ಳುತ್ತಾ ಬಂದು ಕೂರುತ್ತಿದ್ದರು. ಸಿನಿಮಾ ಮುಗಿಯುವಾಗ ಊಟವೂ ತಯಾರು. ಮೂವತ್ತೊಂದು ವರ್ಷದಲ್ಲಿ ಒಂದು ಭಾನುವಾರವೂ ಅನ್ನ ಸೀದದ್ದಿಲ್ಲ.

ಸೊಸೆ ಬಂದು ಐದು ತಿಂಗಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಏಳನೆಯ ಪುಸ್ತಕದಲ್ಲಿ ಅವಳಿಗೂ ಒಂದು ಕಾಲಂ ಎಳೆದದ್ದಾಗಿತ್ತು. ಅತ್ತೆ ಇಪ್ಪತ್ತು ಹಾಕಿದರೆ ಅವಳು ಹತ್ತೊಂಬತ್ತು, ಅತ್ತೆ ಹದಿನೈದು ಹಾಕಿದರೆ ಅವಳು ಹದಿನಾಲ್ಕು. ಐದು ತಿಂಗಳೂ ಇದೇ ಲೆಕ್ಕ.

ಒಂದು ಭಾನುವಾರ ಮೇಷ್ಟ್ರು ಪುಟ ತಿರುವಿ ಹಾಕುತ್ತಾ, "ಕಾಪಿ ಹೊಡೆಯೋ ಹುಡುಗರು ಒಂದು ತಪ್ಪು ಬೇಕಂತಲೇ ಮಾಡ್ತಾರೆ, ಗೊತ್ತಾ ನಿಂಗೆ?" ಎಂದರು.

ಸೊಸೆಯ ಮುಖ ಕಿವಿಯವರೆಗೂ ಕೆಂಪಾಯಿತು. ಸಿನಿಮಾಮ್ಮ ಗಂಡನನ್ನು ಕಣ್ಣಲ್ಲೇ ಗದರಿಸಿ, "ಅವರ ಮಾತು ಬಿಡಮ್ಮ. ಆದ್ರೆ ನನ್ನ ಮುಖ ನೋಡಿ ಮಾತ್ರ ಹಾಕ್ಬೇಡ. ನಿನ್ನ ಕಣ್ಣಿಗೆ ಎಷ್ಟು ಕಾಣತ್ತೋ ಅಷ್ಟು ಹಾಕು. ದಿನಾ ಊರವರಿಗೆಲ್ಲ ಅದೇ ಹೇಳ್ತೀಯಲ್ಲ" ಎಂದು ಸಮಾಧಾನ ಮಾಡಿದರು.

"ನಿಜವಾಗ್ಲೂ, ಅತ್ತೆ?"

"ಸುಳ್ಳು ಹೇಳಿ ನಂಗೇನು ಆಗ್ಬೇಕು?"

ಅದರ ಮುಂದಿನ ವಾರವೇ 'ಎರಡು ಬಾಗಿಲ ಮನೆ' ಹಾಕಬೇಕೆ?

ಅದು ಸಿನಿಮಾಮ್ಮನ ಪ್ರಾಣ. ಕಪ್ಪುಬಿಳುಪಿನ ಕಾಲದ್ದು. ದೊಡ್ಡ ಮನೆಯೊಂದರ ಹಿರಿಸೊಸೆ. ಮನೆಯ ಕೀಲಿಗೊಂಚಲು ಅವಳ ಕೈಯಲ್ಲಿ. ಮಧ್ಯಂತರಕ್ಕೆ ಸರಿಯಾಗಿ ಬೀರುವಿನಲ್ಲಿದ್ದ ಸರ ಕಾಣೆಯಾಗಿ, ಕದ್ದವಳು ಇವಳೇ ಎಂಬ ಮಾತು ಹುಟ್ಟುತ್ತದೆ. ಕೊನೆಯಲ್ಲಿ ನಿಜವಾದ ಕಳ್ಳ ಸಿಕ್ಕಿ, ಅತ್ತೆ ತಾನೇ ಬಂದು ಕೀಲಿಗೊಂಚಲನ್ನು ಅವಳ ಕೈಗೆ ಕೊಡುತ್ತಾಳೆ. ಪುಸ್ತಕಗಳ ಪ್ರಕಾರ ಮನೆಯವರು ಅದನ್ನು ಹನ್ನೊಂದು ಸಲ ನೋಡಿದ್ದರು. ಹನ್ನೊಂದು ಸಲವೂ ಮೇಷ್ಟ್ರದು ಹದಿನೆಂಟು, ಸಿನಿಮಾಮ್ಮನದು ಇಪ್ಪತ್ತನಾಲ್ಕು.

ಸಿನಿಮಾ ಮುಗಿಯಿತು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಸೊಸೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು, ಆಮೇಲೆ ಬರೆದಳು. ಮೇಷ್ಟ್ರು ಕನ್ನಡಕ ಮೇಲೇರಿಸಿ ನೋಡಿದರು.

"ಆರು."

"ಹದಿನಾರಾ?" ಎಂದಳು ಮಗಳು.

"ಬರೀ ಆರು. ಫೇಲು."

ಮಗ ನಕ್ಕುಬಿಟ್ಟ. ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

"ಹಾಕ್ಲಿ ಬಿಡಿ, ನಾನೇ ಹೇಳಿದ್ದು" ಎಂದು ಸಿನಿಮಾಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಆದರೆ ಸುಮ್ಮನಿರಲಾಗಲಿಲ್ಲ. "ಅಲ್ಲಮ್ಮ, ಏನು ಹಿಡಿಸಲಿಲ್ಲ ನಿಂಗೆ? ಹೇಳು, ತಿಳ್ಕೊಳ್ಳೋಣ."

ಸೊಸೆ ಮೆಲ್ಲಗೆ ಹೇಳಿದಳು. "ಅವಳು ಒಂದು ಮಾತೂ ಆಡೋದಿಲ್ವಲ್ಲ ಅತ್ತೆ. ಕದ್ದಿಲ್ಲ ಅಂತ ಕೂಡ ಗಟ್ಟಿಯಾಗಿ ಹೇಳಲ್ಲ. ಉಗ್ರಾಣದಲ್ಲಿ ಕೂಡಿಹಾಕಿದ್ರೆ ಕೂತಿರ್ತಾಳೆ. ಕೀಲಿ ಕೊಟ್ಟಾಗ ಅತ್ತುಕೊಂಡು ಈಸ್ಕೊಳ್ತಾಳೆ. ನಂಗೆ ಸಿಟ್ಟು ಬಂತು."

"ಉಗ್ರಾಣ? ಯಾವ ಉಗ್ರಾಣ?"

"ಅದೇ, ಎರಡು ದಿನ ಕೂಡಿಹಾಕ್ತಾರಲ್ಲ."

"ಅವಳನ್ನ ಯಾರು ಕೂಡಿಹಾಕ್ತಾರೆ? ಅವಳೇ ಅಲ್ವಾ ಕೀಲಿಗೊಂಚಲನ್ನ ಅತ್ತೆ ಕಾಲ ಹತ್ರ ಎಸೆದು, ಒಂದು ಮಾತೂ ಆಡದೆ ಹಿಂಬಾಗಿಲಿಂದ ಹೊರಟುಹೋಗೋದು? ಪಟ್ಟಣಕ್ಕೆ ಹೋಗಿ ಟೈಪಿಂಗ್ ಕೆಲಸಕ್ಕೆ ಸೇರ್ತಾಳೆ. ಟಕಟಕ ಅಂತ ಟೈಪ್ ಮಾಡ್ತಾಳೆ. ಆಮೇಲೆ ಅವರೇ ಬಂದು ಕರೆದ ಮೇಲೆ ಟ್ರೈನ್ ಹತ್ತಿ ವಾಪಸ್ ಬರ್ತಾಳೆ. ಅದಕ್ಕೇ ಅಲ್ವಾ ಕೊನೇಲಿ ಕೀಲಿ ಈಸ್ಕೊಳ್ಳೋವಾಗ ಅಷ್ಟು ಚೆನ್ನಾಗಿರೋದು!"

ಮಗಳು ದಿಂಬು ಬದಿಗಿಟ್ಟು ನೆಟ್ಟಗೆ ಕೂತಳು.

"ಅಮ್ಮ, ನೀನು ಯಾವ ಸಿನಿಮಾ ಹೇಳ್ತಾ ಇದೀಯ?" ಎಂದಳು ಮಗಳು.

"ಟೈಪ್ ಮಾಡೋದು ಅವಳ ಗಂಡನ ಆಫೀಸ್ನಲ್ಲಿ ಅಮ್ಮ. ಟ್ರೈನ್ ಹತ್ತಿ ಹೋಗೋದೂ ಅವನೇ" ಎಂದ ಮಗ. ಅವನು ಲಿಫ್ಟು ರಿಪೇರಿ ಮಾಡುವವನು. ಎಲ್ಲಿ ಸಿಕ್ಕಿಕೊಂಡಿದೆ ಎಂದು ತೋರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ರಿಮೋಟು ಒತ್ತಿ ಸಿನಿಮಾವನ್ನು ಹಿಂದಕ್ಕೆ ಓಡಿಸಿ, ತೋರಿಸಿಯೇಬಿಟ್ಟ. ಕೀಲಿಗೊಂಚಲನ್ನು ಅತ್ತೆ ಕಿತ್ತುಕೊಂಡಳು. ಅದು ಝಲ್ಲೆಂದು ನೆಲಕ್ಕೆ ಬಿತ್ತು. ಕಿರ್ರೆಂದು ಮುಚ್ಚಿದ ಬಾಗಿಲು ಉಗ್ರಾಣದ್ದು. ಟೈಪ್‌ರೈಟರಿನ ಮುಂದೆ ಕೂತಿದ್ದವನು ಮೀಸೆಯ ಗುಮಾಸ್ತ. ರೈಲಿನಲ್ಲಿ ಗಂಡ, ಕಿಟಕಿಯ ಪಕ್ಕ, ನಿದ್ದೆ ಹೊಡೆಯುತ್ತಾ.

ಸಿನಿಮಾಮ್ಮ ನಿಂತೇ ನೋಡಿದರು.

"ಕಟ್ ಮಾಡಿದಾರೆ" ಎಂದರು. "ಈಗಿನವರು ಎಲ್ಲಾದಕ್ಕೂ ಕತ್ತರಿ ಹಾಕ್ತಾರೆ. ಬನ್ನಿ ಊಟಕ್ಕೆ, ಆರಿಹೋಗತ್ತೆ."

ಅವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎಲ್ಲರೂ ನೀರು ಕುಡಿದುಕೊಂಡು ಉಂಡರು, ಯಾರೂ ಹೇಳಲಿಲ್ಲ.

ಬುಧವಾರ ಅವರು ಹೊಲಿದ ಬಟ್ಟೆ ಕೊಟ್ಟುಬರುವ ನೆಪದಲ್ಲಿ ಎರಡು ಬೀದಿ ಆಚೆಗಿದ್ದ ಕ್ಯಾಸೆಟ್ಟಿನವರ ಅಂಗಡಿಗೆ ಹೋದರು. ಹಿಂದೆ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವರು ಈಗ ಫೋನಿನ ಕವರು, ಚಾರ್ಜರು ಮಾರುತ್ತಾರೆ. ಹಳೆಯ ಸಿನಿಮಾ ಎಂದರೆ ಈಗಲೂ ಬಿಲ್ಲು ಬರೆಯುವುದನ್ನು ಬಿಟ್ಟು ಕೂರುವ ಮನುಷ್ಯ.

"ಎರಡು ಬಾಗಿಲ ಮನೆನಾ? ನನ್ನ ಹತ್ರ ಅದರ ಎರಡು ಕ್ಯಾಸೆಟ್ ಇತ್ತಲ್ಲಮ್ಮ. ಪೂರ್ತಿ ಪ್ರಿಂಟೇ. ಒಂದು ಸೀನೂ ಕಟ್ ಆಗಿಲ್ಲ."

"ಅವಳು ಮನೆ ಬಿಟ್ಟು ಹೋಗೋ ಸೀನು?"

ಅವರು ತಲೆ ಕೆರೆದುಕೊಂಡರು. "ಮನೆ ಬಿಟ್ಟು... ಇಲ್ಲಮ್ಮ. ಆ ಕಾಲದಲ್ಲಿ ಹಾಗೆ ತೆಗೆದಿದ್ರೆ ಜನ ಕುರ್ಚಿ ಮುರೀತಿದ್ರು." ಸಿನಿಮಾಮ್ಮನ ಮುಖ ನೋಡಿ, "ಆದ್ರೆ ಹಾಗೆ ತೆಗೆದಿದ್ರೆ ಚೆನ್ನಾಗಿರ್ತಿತ್ತು, ಅಲ್ವಾ?" ಎಂದು ಸೇರಿಸಿ, ಕುಡಿಯಲು ನೀರು ಕೊಟ್ಟರು.

ಮನೆಗೆ ಬಂದು ಅವರು ಏಳೂ ಪುಸ್ತಕಗಳನ್ನು ಬೀರುವಿನಿಂದ ಇಳಿಸಿ, ಹೊಲಿಗೆ ಮಿಷನ್ನಿನ ಮೇಲೆ ಹರಡಿಕೊಂಡು ಕೂತರು. ಸಾವಿರದ ಐನೂರಕ್ಕೂ ಹೆಚ್ಚು ಸಾಲುಗಳು. ಪ್ರತಿ ಸಾಲಿನಲ್ಲೂ ತಮ್ಮದೇ ಅಕ್ಷರದ ಒಂದು ಅಂಕಿ. ಬಟ್ಟೆಗೆ ಗುರುತು ಮಾಡುವ ಸೀಮೆಸುಣ್ಣ ಕೈಯಲ್ಲೇ ಇತ್ತು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, ಇದರ ನಡುವೆ ಏನಾಗುತ್ತದೆ ಎಂದು ತಮ್ಮನ್ನೇ ಕೇಳಿಕೊಂಡರು. ಎಲ್ಲದಕ್ಕೂ ಉತ್ತರ ಬಂತು. ಯಾವ ಉತ್ತರ ಸರಿ ಎಂದು ಗೊತ್ತಾಗಲಿಲ್ಲ. ಇಷ್ಟು ವರ್ಷ ಈ ಮಿಷನ್ನಿನ ಮುಂದೆ ಕೂತು ಜನರಿಗೆ ಹೇಳಿದ್ದೆಲ್ಲ ಸುಳ್ಳೇ? ಹಾಗಾದರೆ ತಾನು ನೋಡಿದ್ದಾದರೂ ಏನು?

ಮರುದಿನ ಬಸ್ ಕಂಡಕ್ಟರು ಪ್ಯಾಂಟಿನ ಜೇಬು ಹೊಲಿಸಲು ಬಂದರು. "ಏನಮ್ಮ, ಈ ವಾರ ಯಾವ್ದು? ಕಥೆ ಹೇಳಿ" ಎಂದು ಬಾಗಿಲಿಗೆ ಒರಗಿ ನಿಂತರು.

"ಗೊತ್ತಿಲ್ಲಪ್ಪ. ನಾಳೆ ಬಾ, ಜೇಬು ಆಗಿರತ್ತೆ."

"ಜೇಬು ನಾಡಿದ್ದಾದ್ರೂ ಪರ್ವಾಗಿಲ್ಲ ಅಂತಲೇ ಬಂದಿದ್ದೆ" ಎಂದು ಅವರು ಸಪ್ಪೆ ಮುಖ ಮಾಡಿಕೊಂಡು ಹೋದರು.

ಆ ಭಾನುವಾರ ಐದಕ್ಕೆ ಎಲ್ಲರೂ ಕೂತರು, ಸ್ಟೂಲು ಖಾಲಿ. "ನಂಗೆ ಹೊಲಿಗೆ ಇದೆ" ಎಂದರು ಸಿನಿಮಾಮ್ಮ. ಮೇಷ್ಟ್ರು ಎರಡು ಸಲ ಕರೆದರು. ಮಗಳು ಕೈ ಹಿಡಿದು ಎಳೆದಳು. "ಬಿಡೇ, ಬೇಕಾದ್ರೆ ಆಮೇಲೆ ನೀನೇ ಕಥೆ ಹೇಳು. ನಾನು ನೋಡಿದ್ರೂ ಒಂದೇ, ನೋಡದಿದ್ರೂ ಒಂದೇ." ಹೊತ್ತಿಗೆ ಸರಿಯಾಗಿ ಎದ್ದು ಅಡುಗೆ ಮಾಡಿದರು, ಬಡಿಸಿದರು. ಪುಸ್ತಕದಲ್ಲಿ ಅವರ ಕಾಲಂ ಖಾಲಿ ಉಳಿಯಿತು. ಮೂವತ್ತೊಂದು ವರ್ಷದಲ್ಲಿ ಹೆರಿಗೆಯ ವಾರಗಳನ್ನು ಬಿಟ್ಟರೆ ಅದು ಖಾಲಿ ಇದ್ದದ್ದೇ ಇಲ್ಲ.

ರಾಗಿ ಬೀಸುವ ಕಲ್ಲಿನ ಹಾಗೆ ಆ ವಾರ ಭಾರವಾಗಿ ತಿರುಗಿತು. ಬೆಳಿಗ್ಗೆ ಡಬ್ಬಿ ಕಟ್ಟುವಾಗ ಅತ್ತೆ ಎಂದಿನಂತೆ ಸೊಸೆಗೆ ಎರಡು ಮೊಟ್ಟೆ ಹೆಚ್ಚಿಗೆ ಇಡುತ್ತಿದ್ದರು, ಮಧ್ಯಾಹ್ನದವರೆಗೂ ನಿಂತೇ ಕೆಲಸ ಮಾಡುವ ಹುಡುಗಿ ಎಂದು. ಸಿಟ್ಟು ಅವಳ ಮೇಲಲ್ಲ. ಆದರೆ ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ.

"ನಿಂಗೆ ಆರು ಹಾಕಲೇಬೇಕಿತ್ತಾ?" ಎಂದು ಮಗ ಹೆಂಡತಿಯನ್ನು ಕೇಳಿದ, ಬಟ್ಟೆ ಮಡಿಸುತ್ತಾ.

"ನೀವು ಹಿಂದಕ್ಕೆ ಓಡಿಸಿ ತೋರಿಸಲೇಬೇಕಿತ್ತಾ?"

"ತಪ್ಪು ಹೇಳ್ತಿದ್ರು, ತೋರಿಸ್ದೆ."

"ನನ್ನ ಅಂಗಡಿಗೆ ಬರೋರು ಅಕ್ಷರ ತಪ್ಪು ಓದಿದ್ರೆ ನಾನು ನಗೋದಿಲ್ಲ. ಯಾಕೆ ಹಾಗೆ ಕಾಣ್ತಿದೆ ಅಂತ ನೋಡ್ತೀನಿ" ಎಂದಳು ಅವಳು. ಹೇಳಿದ ಮೇಲೆ, ಅತ್ತೆಯ ವಿಷಯದಲ್ಲಿ ತಾನೂ ಅದನ್ನು ನೋಡಿಲ್ಲವಲ್ಲ ಎನಿಸಿತು. ಮಗ ಮಡಿಸಿದ ಅಂಗಿಯನ್ನೇ ಮತ್ತೊಮ್ಮೆ ಮಡಿಸಿದ.

ಮೂರನೆಯ ಭಾನುವಾರ ಅವಳೇ ಮುಂಚೆ ಹೋಗಿ ಹೇಳಿದಳು. "ಅತ್ತೆ, ಇವತ್ತು ಅಡುಗೆ ನಂದು. ನೀವು ಆರಾಮಾಗಿ ಕೂತು ನೋಡಿ."

"ಅಡುಗೆ ಮಾಡ್ತೀನಿ ಅಂದ್ರೆ ಮಾಡು, ಸಂತೋಷ. ಸಿನಿಮಾ ಬೇಡ ನಂಗೆ" ಎಂದು ಅತ್ತೆ ಮಿಷನ್ ತುಳಿಯತೊಡಗಿದರು.

ಹೀಗಾಗಿ ಮಧ್ಯಂತರಕ್ಕೆ ಸೊಸೆ ಎದ್ದು ಒಲೆ ಮುಂದೆ ನಿಂತಳು. ಅವತ್ತಿನದು ಹೊಸ ಸಿನಿಮಾ, ಊರೆಲ್ಲ ಮಾತಾಡುತ್ತಿದ್ದ ಪತ್ತೇದಾರಿ. ಅವಳಿಗೂ ಕುತೂಹಲ. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯಲ್ಲಿ ಪಾತ್ರೆ ದಾಟಿಸಲು ಒಂದು ಕಿಂಡಿ ಇತ್ತು. ಅಕ್ಕಿ ತೊಳೆಯುತ್ತಾ ಅದರೊಳಗಿಂದ ಇಣುಕಿದಳು. ಟಿ.ವಿ. ಕಾಣಲಿಲ್ಲ. ಕಂಡದ್ದು ಗೋಡೆಯ ಒಂದು ತುಂಡು, ಬೆತ್ತದ ಕುರ್ಚಿಯ ಕೈ, ಮಾವನ ಬಲ ಮೊಣಕಾಲು. ಮಾವನಿಗೆ ಒಂದು ಅಭ್ಯಾಸ: ಸಿನಿಮಾದಲ್ಲಿ ಗಂಡಾಂತರ ಬಂದರೆ ಮೊಣಕಾಲು ಕುಣಿಯುತ್ತದೆ. ಸೊಸೆ ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡಳು. ಆಂಬುಲೆನ್ಸಿನ ಕೂಗು. ಓಡುವ ಹೆಜ್ಜೆಗಳು. ಯಾರೋ ಹೆಂಗಸು ಅಳುತ್ತಿದ್ದಾಳೆ. ಮೊಣಕಾಲು ಕುಣಿಯಿತು, ಕುಣಿಯಿತು, ಥಟ್ಟನೆ ನಿಂತಿತು. ಆಮೇಲೆ ಸದ್ದೇ ಇಲ್ಲ.

ಕಣ್ಣು ಒರೆಸಿಕೊಳ್ಳುತ್ತಾ ಹಾಲಿಗೆ ಬಂದಳು. "ಪಾಪ, ಅವನನ್ನ ಸಾಯಿಸಲೇಬೇಕಿತ್ತಾ?"

"ಯಾರು ಸತ್ರು ಅತ್ತಿಗೆ?"

"ಅದೇ ಇನ್ಸ್‌ಪೆಕ್ಟರು. ಆಸ್ಪತ್ರೇಲಿ."

"ಅಯ್ಯೋ, ಅವನಿಗೆ ಮಗು ಹುಟ್ತು!" ಎಂದು ಮಗಳು ದಿಂಬಿನ ಮೇಲೆ ಬಿದ್ದು ಬಿದ್ದು ನಕ್ಕಳು. "ಅವನ ಹೆಂಡತಿಗೆ ನೋವು ಬಂತು, ಆಂಬುಲೆನ್ಸ್ ಬಂತು, ಮಗು ಹುಟ್ತು. ಅವನು ಸಂತೋಷಕ್ಕೆ ಮಾತೇ ಆಡದೆ ನಿಂತಿದಾನೆ!"

ಸೊಸೆಯೂ ನಗಲು ಹೊರಟಳು. ನಗು ಅರ್ಧಕ್ಕೇ ನಿಂತಿತು. ಖಾಲಿ ಸ್ಟೂಲಿನ ಕಡೆ ನೋಡಿದಳು, ಕಿಂಡಿಯ ಕಡೆ ನೋಡಿದಳು. ಚಾಕು ಕೈಯಲ್ಲಿ ಹಿಡಿದೇ ಹೊಲಿಗೆ ಕೋಣೆಗೆ ನಡೆದಳು.

"ಅತ್ತೆ."

ಮಿಷನ್ ನಿಂತಿತು. "ಏನಮ್ಮ, ಕೈ ಕೊಯ್ಕೊಂಡೆಯಾ?"

"ಇಲ್ಲ. ಒಲೆ ಹತ್ರ ನಿಂತ್ರೆ ಮಾವನ ಮೊಣಕಾಲು ಮಾತ್ರ ಕಾಣತ್ತೆ, ಅತ್ತೆ."

ಸಿನಿಮಾಮ್ಮ ಅವಳನ್ನು ದಿಟ್ಟಿಸಿ ನೋಡಿದರು. ಸೂಜಿಯಡಿ ಸಿಕ್ಕಿದ್ದ ಬಟ್ಟೆಯನ್ನು ನಿಧಾನವಾಗಿ ಬಿಡಿಸಿಕೊಂಡರು.

"ಬಲಗಾಲು" ಎಂದರು. "ಎಡಗಾಲು ನಿಂತ್ರೂ ನಂಬೋ ಹಾಗಿಲ್ಲ. ಬಲಗಾಲು ನಿಂತ್ರೆ ಎಲ್ಲ ಸರಿಹೋಯ್ತು ಅಂತಲೇ ಅರ್ಥ."

"ಹನ್ನೊಂದು ಸಲವೂ ನೀವು ಅಲ್ಲೇ ಇದ್ರಿ."

"ಮತ್ತೆಲ್ಲಿರ್ತಿದ್ದೆ? ಕೀಲಿ ಬಿದ್ದ ಸದ್ದು ಕೇಳ್ತಿತ್ತು. ಬಾಗಿಲು ಕಿರ್ರ್ ಅಂತಿತ್ತು. ಇವರ ಕಾಲು ಕುಣೀತಿತ್ತು. ಆಮೇಲೆ ಟೈಪಿಂಗ್ ಶುರುವಾದಾಗ ನಿಂತುಬಿಡ್ತಿತ್ತು. ಕೆಲಸ ಸಿಕ್ತು, ಇನ್ನು ಪರ್ವಾಗಿಲ್ಲ ಅಂತ ನಾನೂ ಅನ್ನಕ್ಕೆ ಮುಚ್ಚಳ ಹಾಕ್ತಿದ್ದೆ." ಅವರು ಬಿಡಿಸಿಕೊಂಡ ಬಟ್ಟೆಯನ್ನು ಮಡಿಸಿದರು. "ಆ ಪುಸ್ತಕಗಳನ್ನೆಲ್ಲ ತೆಗೆದು ನೋಡಿದಾಗಿಂದ ನಂಗೆ ಅನುಮಾನ ಇತ್ತಮ್ಮ. ಹೇಳ್ಕೊಳ್ಳೋಕೆ ನಾಚಿಕೆ. ಸಿನಿಮಾಮ್ಮ ಅಂತ ಹೆಸರು ಬೇರೆ. ಸಿನಿಮಾನೇ ನೋಡಿಲ್ಲ."

"ನೀವು ಮಾಡಿದ ಸಿನಿಮಾಕ್ಕೆ ನಾನು ಇಪ್ಪತ್ತಮೂರು ಹಾಕ್ತೀನಿ."

"ನನಗಿಂತ ಒಂದು ಕಮ್ಮಿ! ಬುದ್ಧಿ ಬಿಟ್ಟಿಲ್ಲ ನೋಡು" ಎಂದು ಸಿನಿಮಾಮ್ಮ ಅವಳ ಕೈಯ ಮೇಲೆ ಒಂದು ಏಟು ಕೊಟ್ಟರು. ಎರಡು ವಾರದಲ್ಲಿ ಮೊದಲ ಸಲ ನಕ್ಕರು. ಆಮೇಲೆ, "ಈರುಳ್ಳಿ ಇಷ್ಟು ದಪ್ಪ ಹೆಚ್ತಾರಾ?" ಎಂದು ಎದ್ದರು.

ಊಟಕ್ಕೆ ಕೂತಾಗ ಸೊಸೆ ಮಾತು ತೆಗೆದಳು. ಯಾರ ಮೇಲೂ ಹೊರಿಸಲಿಲ್ಲ. ತಾನು ಇನ್ಸ್‌ಪೆಕ್ಟರನ್ನು ಸಾಯಿಸಿದ್ದು ಹೇಗೆ ಎಂದಷ್ಟೇ ಹೇಳಿದಳು. ಕಿಂಡಿಯಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು. ಹೇಳುತ್ತಾ ಹೋದ ಹಾಗೆ ಮಗಳ ನಗು ಆರಿತು. ಮಗನ ಕೈ ತಟ್ಟೆಯಲ್ಲೇ ನಿಂತಿತು.

"ಆರು ವರ್ಷದಿಂದ ರಿಮೋಟಿನಲ್ಲಿ ನಿಲ್ಲಿಸೋ ಬಟನ್ ಇದೆ" ಎಂದ ಅವನು ಕೊನೆಗೆ. "ನನಗೆ ಫೋನ್ ಬಂದ್ರೆ ನಿಲ್ಲಿಸ್ತೀವಿ. ಇವಳು ಬಾತ್‌ರೂಮಿಗೆ ಹೋದ್ರೆ ನಿಲ್ಲಿಸ್ತೀವಿ."

"ನಾನೇ ತಾನೇ ನೋಡ್ತಾ ಇರಿ ಅಂತಿದ್ದದ್ದು?" ಎಂದರು ಸಿನಿಮಾಮ್ಮ. "ಸಾರು ಹಾಕ್ಕೋ, ಆರ್ತಿದೆ."

ಮೇಷ್ಟ್ರು ತಟ್ಟೆ ಎತ್ತಿಕೊಂಡು ಹೋಗಿ, ತಾವೇ ತೊಳೆದಿಟ್ಟು, ಒದ್ದೆ ಕೈಯಲ್ಲೇ ಕಿಂಡಿಯ ಹತ್ತಿರ ನಿಂತರು. ಅಲ್ಲಿಂದ ತಮ್ಮ ಖಾಲಿ ಕುರ್ಚಿಯನ್ನು ನೋಡಿದರು. ಒಂದು ಹೆಜ್ಜೆ ಎಡಕ್ಕೆ ಹೋದರು, ಒಂದು ಹೆಜ್ಜೆ ಬಲಕ್ಕೆ. ಬಗ್ಗಿ ನೋಡಿದರು.

"ಮೂವತ್ತಾರು ವರ್ಷ ದಿನಕ್ಕೆ ಎರಡು ಸಲ ಹಾಜರಿ ತಗೊಂಡೆ ಕಣೇ" ಎಂದರು. "ಮಧ್ಯಾಹ್ನ ಊಟಕ್ಕೆ ಬಿಟ್ಟಮೇಲೆ ಯಾವನು ಬರಲಿಲ್ಲ ಅಂತ ಬೆಂಚು ನೋಡಿದ್ರೆ ಗೊತ್ತಾಗ್ತಿತ್ತು ನಂಗೆ. ಇದು ಗೊತ್ತಾಗಲಿಲ್ಲ."

"ಆಯ್ತು ಬಿಡಿ. ಒದ್ದೆ ಕೈ ಒರೆಸ್ಕೊಳ್ಳಿ."

ನಾಲ್ಕನೆಯ ಭಾನುವಾರ ಮೇಷ್ಟ್ರೇ 'ಎರಡು ಬಾಗಿಲ ಮನೆ' ಹಾಕಿದರು. ಸಿನಿಮಾಮ್ಮ ಬೇಡವೆಂದರು, ಅದನ್ನು ಬಿಟ್ಟು ಬೇರೆ ಯಾವುದಾದರೂ ಆಗಲಿ ಎಂದರು. ಮಗಳು ಸ್ಟೂಲನ್ನು ಎತ್ತಿ ಹೊಲಿಗೆ ಕೋಣೆಯಲ್ಲಿಟ್ಟು ಬಂದಿದ್ದಳು. ಕೂರಲು ಉಳಿದದ್ದು ಬೆತ್ತದ ಕುರ್ಚಿಯೊಂದೇ; ಮೇಷ್ಟ್ರು ಮಗನ ಪಕ್ಕ ನೆಲದ ಮೇಲೆ ಕೂತಿದ್ದರು.

'ಮಧ್ಯಂತರ' ಎಂದು ಬಂತು. ಸಿನಿಮಾಮ್ಮ ಅಭ್ಯಾಸಬಲದಿಂದ ಎದ್ದರು. ಮೇಷ್ಟ್ರು ಆಗಲೇ ಎದ್ದಾಗಿತ್ತು.

"ಕೂತ್ಕೋ. ಅನ್ನ, ಮೊಟ್ಟೆ, ಅಷ್ಟು ತಾನೇ?"

"ಅಕ್ಕಿ ಎಲ್ಲಿದೆ ಅಂತ ಗೊತ್ತಾ ನಿಮಗೆ?"

"ಹುಡುಕ್ತೀನಿ. ಪಾಠ ಮಾಡಬೇಡ."

"ನಾವು ನಿಲ್ಲಿಸಿಡೋಣ್ವಾ ಅಪ್ಪ?" ಎಂದ ಮಗ, ರಿಮೋಟು ಹಿಡಿದು.

"ಬೇಡ, ಓಡಲಿ" ಎಂದು ಮೇಷ್ಟ್ರು ಒಳಗೆ ಹೋದರು. ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು ಬಂತು. ಮುಚ್ಚಳವೊಂದು ಬಿದ್ದು ಬಹಳ ಹೊತ್ತು ಗಿರಗಿರ ತಿರುಗಿತು. ಸಿನಿಮಾಮ್ಮ ಎರಡು ಸಲ ಅರ್ಧಕ್ಕೆ ಎದ್ದರು. ಎರಡು ಸಲವೂ ಸೊಸೆ ಮೊಣಕೈ ಹಿಡಿದು ಕೂರಿಸಿದಳು.

ಕೀಲಿಗೊಂಚಲು ಬಿತ್ತು. ಬಾಗಿಲು ಕಿರ್ರೆಂದಿತು. ಮೂವತ್ತೊಂದು ವರ್ಷದಿಂದ ಕೇಳಿದ್ದ ಸದ್ದುಗಳಿಗೆ ಸಿನಿಮಾಮ್ಮ ಈಗ ಮುಖ ಕಂಡರು. ಉಗ್ರಾಣದ ಕತ್ತಲಲ್ಲಿ ಆ ಹೆಣ್ಣುಮಗಳು ನಿಂತಿದ್ದಳು. ಅಳಲಿಲ್ಲ. ಸುತ್ತ ನೋಡಿದಳು. ಮೂಲೆಯಲ್ಲಿ ಬಿದ್ದಿದ್ದ ಖಾಲಿ ಗೋಣಿಚೀಲಗಳನ್ನು ಒಂದೊಂದಾಗಿ ಎತ್ತಿ, ಧೂಳು ಕೊಡವಿ, ಮಡಿಸಿ ಇಡತೊಡಗಿದಳು.

"ನೋಡು, ನೋಡು" ಎಂದು ಸಿನಿಮಾಮ್ಮ ಸೊಸೆಯ ತೊಡೆ ತಟ್ಟಿದರು. "ಸುಮ್ನೆ ಕೂತಿಲ್ಲ ಅವಳು. ಇದನ್ನ ನೀನು ಹೇಳಲೇ ಇಲ್ವಲ್ಲ!"

"ನಾನು ಗಮನಿಸಿರಲಿಲ್ಲ ಅತ್ತೆ" ಎಂದಳು ಸೊಸೆ. ಅದು ನಿಜವೇ ಆಗಿತ್ತು.

ಆಗ ಕಿಂಡಿಯಿಂದ ಮೇಷ್ಟ್ರ ದನಿ ಬಂತು. "ಏನಾಯ್ತು? ಏನೋ ಬಿತ್ತಲ್ಲ?"

ಹನ್ನೆರಡು ಸಲ ನೋಡಿದ ಮನುಷ್ಯ. ಮಗಳು ಬಾಯಿ ತೆರೆದಳು. ಅಣ್ಣ ಅವಳ ಕಾಲು ಒತ್ತಿದ. ಸಿನಿಮಾಮ್ಮ ಕಿಂಡಿಯ ಕಡೆ ತಿರುಗಿದರು. ಅಲ್ಲಿ ಮೇಷ್ಟ್ರ ಮುಖದ ಅರ್ಧ ಮಾತ್ರ ಕಾಣುತ್ತಿತ್ತು, ಕನ್ನಡಕಕ್ಕೆ ಹಬೆ ಹಿಡಿದಿತ್ತು.

"ಕೀಲಿ ಕಣ್ರೀ" ಎಂದರು ಅವರು, ತುಸು ತಡೆದು. "ಅತ್ತೆ ಕಾಲ ಹತ್ರ ಎಸೆದ್ಲು."

"ಹೌದಾ! ಯಾರೂ ಏನೂ ಅನ್ನಲಿಲ್ವಾ?"

"ಏನಂತಾರೆ? ಬಾಯಿ ಬಿಟ್ಕೊಂಡು ನಿಂತಿದಾರೆ."

"ಬಾಗಿಲ ಸದ್ದು ಕೇಳಿಸ್ತಲ್ಲ?"

ಸೊಸೆ ಉತ್ತರ ಕೊಟ್ಟಳು. "ಹಿಂಬಾಗಿಲು ಮಾವ. ಹೊರಟೇಬಿಟ್ಲು. ಹಿಂದಕ್ಕೂ ತಿರುಗಿ ನೋಡಲಿಲ್ಲ."

"ಚಪ್ಪಲಿ ಹಾಕ್ಕೊಂಡ್ಲಾ?" ಎಂದರು ಮೇಷ್ಟ್ರು.

"ಹಾಕ್ಕೊಂಡ್ಲು, ಹಾಕ್ಕೊಂಡ್ಲು" ಎಂದು ಮಗಳೂ ಸೇರಿದಳು. ತೆರೆಯ ಮೇಲೆ ಮೀಸೆಯ ಗುಮಾಸ್ತ ಟಕಟಕ ಟೈಪ್ ಮಾಡುತ್ತಿದ್ದ. "ಕೆಲಸಾನೂ ಸಿಕ್ತು ಅಪ್ಪ!" ಎಂದು ಮಗ ಕೂಗಿದ. "ಮೊದಲನೇ ದಿನಾನೇ ಎಂಥ ಸ್ಪೀಡು!"

ಸಿನಿಮಾಮ್ಮ ನಗುತ್ತಾ ಕಣ್ಣು ಒರೆಸಿಕೊಂಡರು. ಒಂದು ಕಣ್ಣಿನಲ್ಲಿ ಈ ಸಿನಿಮಾ, ಒಂದು ಕಣ್ಣಿನಲ್ಲಿ ಆ ಸಿನಿಮಾ. ಎರಡನ್ನೂ ಬಿಡಲಿಲ್ಲ ಅವರು. ರೈಲು ಬಂದಾಗ ತೆರೆಯ ಮೇಲೆ ಗಂಡ ಗೊರಕೆ ಹೊಡೆಯುತ್ತಿದ್ದ. ಕಿಂಡಿಗೆ ಮಾತ್ರ ಬೇರೆ ಸುದ್ದಿ ಹೋಯಿತು.

ಮುಗಿದ ಮೇಲೆ ಪುಸ್ತಕ ಬಂತು. ಸೊಸೆ ಈ ಸಲ ಆರರ ಬದಲು ಎಂಟು ಹಾಕಿದಳು. "ಗೋಣಿಚೀಲಕ್ಕೆ ಎರಡು. ಆದ್ರೂ ಫೇಲೇ" ಎಂದಳು. ಸಿನಿಮಾಮ್ಮ ಪೆನ್ನು ಹಿಡಿದು ಯೋಚಿಸಿದರು. "ಆ ಹುಡುಗಿ ಚೆನ್ನಾಗಿ ಮಾಡಿದಾಳೆ. ಕಥೆ ಬರೆದೋನು ಅವಳಿಗೆ ಮೋಸ ಮಾಡಿದಾನೆ" ಎಂದು ಹನ್ನೊಂದು ಹಾಕಿದರು. "ಪಾಸಾಗ್ಲಿ. ಎಷ್ಟು ವರ್ಷ ಜೊತೇಲಿತ್ತು." ಅದು ಸೊಸೆಯ ಮಾರ್ಕಿಗಿಂತ ಮೂರು ಹೆಚ್ಚು, ಯಾರೂ ಲೆಕ್ಕ ಹಾಕಲಿಲ್ಲ.

ಮೇಷ್ಟ್ರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಹನ್ನೊಂದು ಸಲ ಹದಿನೆಂಟು ಬರೆದ ಕಾಲಮಿನಲ್ಲಿ ಇಪ್ಪತ್ತನಾಲ್ಕು ಬರೆದರು. ಷರಾ ಕಾಲಮಿನಲ್ಲಿ ದುಂಡಗೆ, 'ಒಲೆ ಮುಂದೆ ನಿಂತು ನೋಡಿದ್ದು' ಎಂದು ಸೇರಿಸಿ ಗೆರೆ ಎಳೆದರು.

ಎಲ್ಲರೂ ತಟ್ಟೆ ಹಾಕಿಕೊಂಡರು. ಸಿನಿಮಾಮ್ಮ ಮುಚ್ಚಳ ತೆಗೆದು ಮೂಸಿ ನೋಡಿದರು.

"ರೀ, ಅನ್ನ ತಳ ಹಿಡಿದಿದೆ."

"ಹಿಡಿಯದೆ ಇನ್ನೇನು?" ಎಂದರು ಮೇಷ್ಟ್ರು, ಸೌಟು ಕೈಗೆ ತೆಗೆದುಕೊಳ್ಳುತ್ತಾ. "ಅವಳು ಟ್ರೈನ್ ಹತ್ತೋವಾಗ ಒಲೆ ಕಡೆ ಯಾರು ನೋಡ್ತಾರೆ?"